ಬಲಕ್ಕೆ ಬಿದ್ದ ಹೂವು

“ಇದು ಕೂಸಿನ ಹೊಟ್ಟೆಯೋ, ಔಷಧದ ಅಂಗಡಿಯೋ? ಪೇಟೆಯ ಮೆಡಿಕಲ್ಲಿನವ ಸಹ ಇಷ್ಟು ಬಣ್ಣದ ಗುಳಿಗೆ ಇಡುದಿಲ್ಲ! ಕುಟ್ಟು, ಕುಟ್ಟು... ಹೀಗೇ ಕುಟ್ಟಿ ಕುಟ್ಟಿ ಒಂದು ದಿನ ಆ ಕೂಸನ್ನೇ ಪುಡಿ ಮಾಡಿ ಡಬ್ಬಿಯಲ್ಲಿ ತುಂಬಿಡು!”

ಅತ್ತೆ ಮಂಗಲಾ ಜಗಲಿಯಲ್ಲಿ ಕೂತಲ್ಲಿಂದಲೇ ಕೂಗಿದಳು. ಒಳಗೆ ಅಡಿಗೆಮನೆಯ ನೆಲದ ಮೇಲೆ ನೀಲಾ ಕೂತಿದ್ದಳು. ತೀರಿಹೋದ ಮಾವ ಎಲೆಯಡಿಕೆ ಕುಟ್ಟುತ್ತಿದ್ದ ಕುಟ್ಟಾಣಿಯಲ್ಲಿ ಅವಳು ಮಗಳ ಮಾತ್ರೆ ಕುಟ್ಟುತ್ತಿದ್ದಳು. ಬಿಳಿಯದು, ಗುಲಾಬಿಯದು, ಅರ್ಧ ಮುರಿದ ಹಳದಿಯದು, ಎಲ್ಲ ಒಟ್ಟಿಗೆ. ಸೋಮವಾರ ಮೀನು ತಿನ್ನದವರೇ ಹೆಚ್ಚು. ಹಾಗಾಗಿ ಮೀನು ಮಾರುವವಳಿಗೆ ವಾರದಲ್ಲಿ ಸಿಗುವುದು ಅದೊಂದೇ ಬಿಡುವು. ಆ ದಿನ ಇಡೀ ವಾರದ ಔಷಧ ಪುಡಿ ಮಾಡಿ, ಹಳೆಯ ಪೇಪರು ಹರಿದು ಪೊಟ್ಟಣ ಕಟ್ಟಿ, ಬಿಸ್ಕೀಟಿನ ಡಬ್ಬಿಯಲ್ಲಿ ಜೋಡಿಸಿಡುವುದು ಅವಳ ಪದ್ಧತಿ. ಬೆಳಗಾಗುವ ಮೊದಲೇ ಅವಳು ಬುಟ್ಟಿ ಹೊತ್ತು ಬೈತಖೋಲದ ಮೀನು ಬಂದರಿಗೆ ಹೋಗಬೇಕು, ಅಲ್ಲಿಂದ ಕಾರವಾರದ ಮಾರ್ಕೆಟ್ಟಿಗೆ. ಮನೆಯಲ್ಲಿ ಮಗುವನ್ನು ನೋಡುವ ಅತ್ತೆಗೆ ಓದು ಬರುವುದಿಲ್ಲ. ಯಾವ ಮಾತ್ರೆ ಯಾವಾಗ ಎಂದು ಹೇಳಿ ಹೇಳಿ ಸೋತ ಮೇಲೆ ನೀಲಾ ಕಂಡುಕೊಂಡ ಉಪಾಯ ಇದು. ಬೆಳಿಗ್ಗೆ ಒಂದು ಪೊಟ್ಟಣ ಅತ್ತೆ ಜೇನಿನಲ್ಲಿ ಕಲಸಿ ನೆಕ್ಕಿಸುವುದು, ಸಂಜೆ ಒಂದು ನೀಲಾ ತಾನೇ ಕೊಡುವುದು. ಅಷ್ಟೇ.

ವಿನುತಾಗೆ ಆಗ ಏಳು ವರ್ಷ. ಕುತ್ತಿಗೆ ನೆಟ್ಟಗೆ ನಿಲ್ಲುತ್ತಿರಲಿಲ್ಲ, ಕಾಲುಗಳು ಕಟ್ಟಿಗೆಯ ಹಾಗೆ ಸೆಟೆದಿರುತ್ತಿದ್ದವು. ಹೆರಿಗೆಯಲ್ಲಿ ಉಸಿರು ಸಿಗದೆ ಮೈ ನೀಲಿಗಟ್ಟಿ ಹುಟ್ಟಿದ ಕೂಸು ಅದು. ಹುಟ್ಟಿದ ವರ್ಷದಿಂದಲೇ ಫಿಟ್ಸ್ ಬೆನ್ನು ಹತ್ತಿತು. ಆದರೂ ಸುಳ್ಳೇಕೆ ಹೇಳಬೇಕು, ಐದು ವರ್ಷದ ತನಕ ಸದಾಶಿವಗಡದ ಆ ಮನೆಯಲ್ಲಿ ಅವಳಷ್ಟು ನಗುವವರು ಬೇರೆ ಯಾರೂ ಇರಲಿಲ್ಲ! ಅಂಗಳದಲ್ಲಿ ಒಣಗಲು ಹಾಕಿದ ಮೀನಿಗೆ ಕಾಗೆ ಇಳಿದರೆ ಸಾಕು, ಚಾಪೆಯ ಮೇಲೆ ಮಲಗಿದಲ್ಲೇ ಕೈ ಬಡಿದು, ಗಂಟಲಲ್ಲಿ ಗುಳುಗುಳು ಸದ್ದು ಮಾಡಿ ನಗುತ್ತಿದ್ದಳು. ಬರುತ್ತಿದ್ದ ಮಾತು ಒಂದೇ, ತಾಯಿಯನ್ನು ಕರೆಯುವ “ಆ...ಯಿ.” ಆ ಒಂದು ಮಾತಿಗಾಗಿ ನೀಲಾ ಮಾರ್ಕೆಟ್ಟಿನಿಂದ ಓಡಿ ಬರುತ್ತಿದ್ದಳು. ಆಮೇಲೆ ನಗು ಕಡಿಮೆಯಾಯಿತು, ಮಾತೂ ಹೋಯಿತು. ಕಣ್ಣು ಅರ್ಧ ಮುಚ್ಚಿಕೊಂಡೇ ದಿನ ಕಳೆಯುತ್ತಿತ್ತು. ಕಾಯಿಲೆ ಬಲಿಯಿತು ಎಂದುಕೊಂಡರು ಎಲ್ಲರೂ. ನೀಲಾ ಕೂಡ ಹಾಗೇ ಎಂದುಕೊಂಡಳು.

ಔಷಧಗಳ ಕಥೆಯೇ ಬೇರೆ. ಕಾರವಾರದ ಡಾಕ್ಟರು ಫಿಟ್ಸಿಗೆ ಬಿಳಿ ಮಾತ್ರೆ ಬರೆದರು. ನೀಲಾಳ ತವರು ಅಂಕೋಲೆ. ಅಲ್ಲಿ ಹೋದಾಗ ಕೆಮ್ಮಿಗೆಂದು ತೋರಿಸಿದ ಡಾಕ್ಟರು ಕಾಲಿನ ಸೆಟೆತಕ್ಕೆ ಒಂದು, ಬಾಯಿಯ ಜೊಲ್ಲಿಗೆ ಒಂದು ಬರೆದರು. ಜೊಲ್ಲು ನಿಂತದ್ದೇ ತಡ, ಹೊಟ್ಟೆ ಕಟ್ಟಿತು. ಹೊಟ್ಟೆಗೆ ಸಿರಪ್ಪು ಬಂತು. ಹೊಟ್ಟೆನೋವಿಗೆ ಮಗು ರಾತ್ರಿಯೆಲ್ಲ ಅತ್ತಾಗ ನಿದ್ದೆಗೆ ಇನ್ನೊಂದು ಬಂತು. ಒಂದೊಂದು ಔಷಧವೂ ಮರಿ ಹಾಕುತ್ತ ಹೋಯಿತು. ಎರಡು ವರ್ಷದ ಹಿಂದೆ ಯಾರೋ ಹೇಳಿದರೆಂದು ಗೋವಾಕ್ಕೆ ಹೋಗಿ ದೊಡ್ಡ ಡಾಕ್ಟರೊಬ್ಬರಿಗೆ ತೋರಿಸಿದರು. ಅವರು ಫಿಟ್ಸಿಗೇ ಎಂದು ಗುಲಾಬಿ ಬಣ್ಣದ ಉದ್ದ ಮಾತ್ರೆ ಕೊಟ್ಟರು. ಕೊಡುವವರೆಲ್ಲ ಕೊಟ್ಟರು. ಇದು ಸಾಕು, ಇನ್ನು ಬಿಡಿ ಎಂದವರು ಮಾತ್ರ ಒಬ್ಬರೂ ಇಲ್ಲ!

ಅವರಿಗಾದರೂ ಹೇಗೆ ಗೊತ್ತಾಗಬೇಕು? ಮೊದಮೊದಲು ನೀಲಾ ಎಲ್ಲ ಚೀಟಿಗಳನ್ನೂ ತೋರಿಸುತ್ತಿದ್ದಳು. ಒಂದು ದಿನ ಅಂಕೋಲೆಯ ಚೀಟಿ ಕಂಡು ಕಾರವಾರದ ಡಾಕ್ಟರು ಸಿಡಿದುಬಿದ್ದರು. “ಅವರ ಮೇಲೆ ಅಷ್ಟು ನಂಬಿಕೆ ಇದ್ದರೆ ಅಲ್ಲಿಗೇ ಹೋಗು. ಇಲ್ಲಿ ನನ್ನ ಹೊತ್ತು ಯಾಕೆ ಹಾಳು ಮಾಡ್ತೀಯ?” ಎಂದು ಎಲ್ಲರೆದುರು ಬೈದರು. ಮಗಳನ್ನು ಹೆಗಲ ಮೇಲೆ ಹಾಕಿಕೊಂಡು ನಿಂತಿದ್ದ ನೀಲಾಳ ಮುಖ ಬಾಡಿಹೋಯಿತು. ಮೀನಿನ ವಾಸನೆಯ ಸೀರೆಯವಳಿಗೆ ಎದುರು ಮಾತಾಡುವ ಧೈರ್ಯ ಎಲ್ಲಿಂದ ಬರಬೇಕು? ಅವತ್ತಿನಿಂದ ಯಾವ ಡಾಕ್ಟರ ಹತ್ತಿರ ಹೋಗುತ್ತಾಳೋ ಅವರ ಚೀಟಿ ಮಾತ್ರ ಚೀಲಕ್ಕೆ ಹಾಕಿಕೊಳ್ಳುವುದು ಕಲಿತಳು. ಬೈಸಿಕೊಂಡ ಮೇಲೆ ಬೇರೆಡೆ ಹೋಗುವುದು ಬಿಟ್ಟಳೆಂದು ಕಾರವಾರದವರು ತಿಳಿದರು; ಹೀಗೆ ಮೂರೂ ಕಡೆಯ ಡಾಕ್ಟರು ತಾನೊಬ್ಬನೇ ಈ ಮಗುವನ್ನು ನೋಡುತ್ತಿದ್ದೇನೆ ಎಂದುಕೊಂಡಿದ್ದರು.

“ನಮ್ಮ ಕುಲದಲ್ಲಿ ಇಂಥದ್ದು ಇರಲಿಲ್ಲ. ಅಂಕೋಲೆಯಿಂದ ಬಂದ ಬಳುವಳಿ ಇದು,” ಎಂದು ಮಂಗಲಾ ನೆರೆಯ ಮಾದೇವಿಯ ಹತ್ತಿರ ನೀಲಾಳಿಗೆ ಕೇಳುವ ಹಾಗೇ ಹೇಳುತ್ತಿದ್ದಳು. ಮಗ ದತ್ತಾನಿಗೆ ಇನ್ನೊಂದು ಮದುವೆ ಮಾಡುವ ಮಾತನ್ನೂ ಎರಡು ಬಾರಿ ಆಡಿ ನೋಡಿದ್ದಳು. ಅಂವ ಕೇಳಿಸದವನಂತೆ ಎದ್ದು ಬೋಟಿಗೆ ಹೋಗಿದ್ದ. ಹೀಗೆ ಬಾಯಿಯಲ್ಲಿ ವಿಷ ಕಾರುವ ಮುದುಕಿಯೇ, ಸೊಸೆ ಪೇಟೆಗೆ ಹೋದ ಮೇಲೆ, ಮೊಮ್ಮಗಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂಗಡೆಯ ಮುಳ್ಳು ಬಿಡಿಸಿ ಗಂಜಿಯಲ್ಲಿ ನುರಿದು ತಿನ್ನಿಸುತ್ತಿದ್ದಳು. ನೀಲಾ ಅದನ್ನು ಕಂಡಿದ್ದಳು. ಕಂಡರೂ ಬೈಗುಳವೇ ಹೆಚ್ಚು ನೆನಪಿರುತ್ತಿತ್ತು.

ಸುನಾಮಿ ಬಂದು ಹೋದ ಎರಡನೆಯ ಮಳೆಗಾಲ ಅದು. ನೂಲ ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟಾಗಿತ್ತು, ಬೋಟುಗಳು ಇಳಿಯಲು ತಯಾರಾಗಿದ್ದವು. ಬೋಟು ಇಳಿಯುವ ಮುಂಚೆ ಊರದೇವಿಯ ಹತ್ತಿರ ಪ್ರಸಾದ ಕೇಳುವುದು ಆ ಮನೆಯ ರೂಢಿ. ಪೂಜೆ ಮಾಡುವ ಗುನಗ ದೇವಿಯ ಮೈಗೆ ಒದ್ದೆ ಹೂವಿನ ಎಸಳು ಅಂಟಿಸುತ್ತಾನೆ. ಕೇಳಿದ ಮಾತಿಗೆ ಎಸಳು ಬಲಕ್ಕೆ ಬಿದ್ದರೆ ಅಪ್ಪಣೆ, ಎಡಕ್ಕೆ ಬಿದ್ದರೆ ಬೇಡ. ಮಂಗಲಾ ಹೋಗಿ ಬಂದಳು. “ಬೋಟಿಗೆ ಬಲಕ್ಕೇ ಕೊಟ್ಟಳು ದೇವಿ,” ಎಂದು ಮಗನ ಹಣೆಗೆ ಕುಂಕುಮ ಹಚ್ಚಿದಳು. ದತ್ತಾ ಸಂತೋಷದಿಂದ ಹೊರಟ. ಈ ಸಲ ದೂರದ ನೀರಿಗೆ ಹೋಗುವುದಿತ್ತು, ಬರುವುದು ತಡ ಎಂದು ಹೇಳಿ ಹೋದ. ಅವತ್ತಿಡೀ ಅತ್ತೆ ಒಂದು ಬೈಗುಳವನ್ನೂ ಆಡಲಿಲ್ಲ. ನೀಲಾ ಅದನ್ನು ಗಮನಿಸಿದಳು. ಹಬ್ಬದ ದಿನಗಳು, ದೇವರ ಮುಖ ನೋಡಿ ಬಂದಿದ್ದಾಳೆ, ಇರಲಿ ಎಂದುಕೊಂಡಳು.

ಒಂದು ದಿನ ಕಳೆದು ಮಾರನೆಯ ಮಧ್ಯಾಹ್ನ ನೀಲಾ ಖಾಲಿ ಬುಟ್ಟಿ ಹಿಡಿದು ಅಂಗಳಕ್ಕೆ ಕಾಲಿಟ್ಟವಳು ಅಲ್ಲೇ ನಿಂತುಬಿಟ್ಟಳು. ಜಗಲಿಯಲ್ಲಿ ಅತ್ತೆಯ ತೊಡೆಗೆ ಒರಗಿ ಕೂತಿದ್ದ ವಿನುತಾಳ ಕಣ್ಣು ತೆರೆದಿದ್ದವು! ಅರ್ಧ ಅಲ್ಲ, ಪೂರ್ತಿ! ಅಂಗಳದಲ್ಲಿ ಕಾಗೆಯೊಂದು ಒಣಮೀನು ಕಚ್ಚಿಕೊಂಡು ಕುಪ್ಪಳಿಸುತ್ತಿತ್ತು. ಮಗು ಕೈ ಬಡಿಯುತ್ತಿತ್ತು, ಗಂಟಲಲ್ಲಿ ಗುಳುಗುಳು ಎನ್ನುತ್ತಿತ್ತು... ನಗುತ್ತಿತ್ತು! ತಾಯಿಯನ್ನು ಕಂಡದ್ದೇ ಕುತ್ತಿಗೆಯನ್ನು ಕಷ್ಟಪಟ್ಟು ಇತ್ತ ತಿರುಗಿಸಿ, “ಆ...ಯಿ,” ಎಂದಿತು.

ನೀಲಾಳ ಕೈಯಿಂದ ಬುಟ್ಟಿ ಜಾರಿತು. ಓಡಿಹೋಗಿ ಮಗಳನ್ನು ಬಾಚಿ ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

“ಅತ್ತೆ, ಕೇಳಿದ್ರಾ? ನನ್ನ ಕರೀತು! ಆಯಿ ಅಂತು! ನೋಡಿ, ಗೋವಾದ ಗುಳಿಗೆ ಕಡೆಗೂ ಹತ್ತಿತು! ನಾ ಹೇಳಿರ್ಲಿಲ್ವಾ? ನೀವು ಸುಮ್ಮನೆ ಬೈತಿದ್ರಿ!”

“ಹೌದು ಗೋ, ಹೌದು,” ಎಂದಳು ಮಂಗಲಾ. “ಹತ್ತುದು ಹತ್ತಿತು. ಅಳಬೇಡ, ಕೂಸು ಹೆದರ್ತದೆ.” ಎಲೆಯಡಿಕೆಯ ಬಾಯಿಯಲ್ಲೇ ಅವಳು ನಕ್ಕಳು. ಸೊಸೆಯನ್ನು ನೋಡಿ ಅತ್ತೆ ನಕ್ಕದ್ದನ್ನು ನೀಲಾ ಆ ಮನೆಗೆ ಬಂದ ಮೇಲೆ ಅಂದೇ ಕಂಡದ್ದು.

ಮಾರನೆಯ ದಿನ ನೀಲಾ ಪೇಟೆಗೆ ಹೋಗಲಿಲ್ಲ. ಬಂಗಡೆಯ ಸಾರು ಮಾಡಿದಳು. ಅತ್ತೆ ಕಾಯಿ ತುರಿದುಕೊಟ್ಟಳು, ಕೇಳದೇ ಕೊಟ್ಟಳು! ಇಬ್ಬರೂ ಮಗುವನ್ನು ನಡುವೆ ಕೂರಿಸಿಕೊಂಡು ಉಂಡರು. ವಿನುತಾ ಮೀನಿನ ಬಾಲ ಹಿಡಿದೆಳೆದು ಸಾರನ್ನೆಲ್ಲ ಅಜ್ಜಿಯ ಮಡಿಲಿಗೆ ಚೆಲ್ಲಿ ನಕ್ಕಳು. “ಅಪ್ಪನ ಹಾಗೇ ಇದೆ ಪೋರಿ, ಮೀನು ಬಿಡುದಿಲ್ಲ,” ಎಂದು ಮಂಗಲಾ ಸೀರೆ ಒರೆಸಿಕೊಂಡಳು. ದತ್ತಾ ಬಂದು ಇದನ್ನು ನೋಡಿದರೆ ಏನೆನ್ನಬಹುದು ಎಂದು ಇಬ್ಬರೂ ಮಾತಾಡಿಕೊಂಡರು. ಸಂಜೆಯ ಮಬ್ಬು ಬೆಳಕಿನಲ್ಲಿ ನೀಲಾ ಡಬ್ಬಿಯಿಂದ ಪೊಟ್ಟಣ ತೆಗೆದು, ಜೇನಿನಲ್ಲಿ ಕಲಸಿ, ಮಗಳ ಬಾಯಿಗೆ ಹಾಕಿದಳು. ಇಷ್ಟು ಒಳ್ಳೆಯ ಔಷಧ, ಒಂದು ಚೂರೂ ಹಾಳಾಗಬಾರದೆಂದು ಚಮಚವನ್ನು ಪೂರ್ತಿ ನೆಕ್ಕಿಸಿದಳು. ಅತ್ತೆ ಆಗ ಎದ್ದು ಹಿತ್ತಿಲಿಗೆ ಹೋದದ್ದು ಅವಳ ಲಕ್ಷ್ಯಕ್ಕೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಮಗಳಿಗೆ ಜಡೆ ಹಾಕುತ್ತಿದ್ದಳು. ಕೈಯೊಳಗಿನ ತಲೆ ಒಮ್ಮೆಲೇ ಹಿಂದಕ್ಕೆ ಸೆಟೆಯಿತು. ಕಣ್ಣು ಮೇಲೆ ಹೋದವು, ಬಾಯಿಯಲ್ಲಿ ನೊರೆ ಬಂತು. ನೀಲಾ ಹೆದರಲಿಲ್ಲ, ಇದು ಅವಳಿಗೆ ಹೊಸದಲ್ಲ. ಮಗ್ಗುಲಿಗೆ ಮಲಗಿಸಿದಳು, ಕೊರಳ ಗುಂಡಿ ಬಿಚ್ಚಿದಳು, ಬೆನ್ನು ಸವರುತ್ತ ಕಾದಳು. ಯಾವಾಗಲೂ ಚಹಾ ಕುದಿಯುವಷ್ಟರಲ್ಲಿ ನಿಲ್ಲುತ್ತಿತ್ತು. ಈ ಸಲ ನಿಲ್ಲಲಿಲ್ಲ. ನಿಂತಿತು ಎನ್ನುವಷ್ಟರಲ್ಲಿ ಇನ್ನೊಂದು ಬಂತು, ಅದರ ಮೇಲೆ ಮತ್ತೊಂದು... ತುಟಿ ಕಪ್ಪಾಯಿತು.

“ಮಾದೇವಿ! ಓ ಮಾದೇವಿ! ರಿಕ್ಷಾ ಕರಿಯೇ!” ನೀಲಾಳ ಕೂಗಿಗೆ ಇಡೀ ಕೇರಿ ಹೊರಗೆ ಬಂತು. ಔಷಧದ ಚೀಲ, ಚೀಟಿಗಳು, ಪೊಟ್ಟಣದ ಡಬ್ಬಿ, ಕೈಗೆ ಸಿಕ್ಕಿದ್ದನ್ನೆಲ್ಲ ಬಾಚಿಕೊಂಡು ಅವಳು ರಿಕ್ಷಾ ಹತ್ತಿದಳು. ಮಂಗಲಾ ಬರಿಗಾಲಲ್ಲೇ ಓಡಿಬಂದು ಪಕ್ಕದಲ್ಲಿ ಕೂತಳು. ಕಾಳಿ ಸೇತುವೆ ದಾಟುವವರೆಗೂ ಮುದುಕಿ ಒಂದೇ ಸಮನೆ “ದೇವಿ, ದೇವಿ...” ಎನ್ನುತ್ತಿದ್ದಳು.

ಆಸ್ಪತ್ರೆಯಲ್ಲಿ ಆ ಹೊತ್ತಿಗೆ ಇದ್ದದ್ದು ಒಬ್ಬ ಡಾಕ್ಟರಮ್ಮ. ಸೂಜಿ ಚುಚ್ಚಿದರು, ಆಕ್ಸಿಜನ್ ಹಚ್ಚಿದರು, ಮತ್ತೆ ಸೂಜಿ ಚುಚ್ಚಿದರು. ಬಹಳ ಹೊತ್ತಾದ ಮೇಲೆ ಮಗುವಿನ ಮೈ ಸಡಿಲವಾಯಿತು. ಆಗ ಹೊರಗೆ ಬಂದು ಕೇಳಿದರು, “ಔಷಧಿ ತಪ್ಪಿಸಿದಿರಾ?”

“ಇಲ್ಲ ಅಮ್ಮಾ! ಒಂದು ಹೊತ್ತೂ ಇಲ್ಲ! ನಿನ್ನೆ ಸಂಜೆ ನನ್ನ ಕೈಯಾರೆ ಕೊಟ್ಟಿದ್ದೆ!” ನೀಲಾ ಡಬ್ಬಿ ತೆರೆದು ಪೊಟ್ಟಣ ಮುಂದೆ ಹಿಡಿದಳು.

ಡಾಕ್ಟರಮ್ಮ ಪೊಟ್ಟಣ ಬಿಚ್ಚಿ, ಪುಡಿಯನ್ನು ಬೆರಳಿನಿಂದ ಮುಟ್ಟಿ ನೋಡಿದರು. ಮೂಗಿನ ಹತ್ತಿರ ತಂದರು. ಇನ್ನೊಂದನ್ನು ಬಿಚ್ಚಿದರು, ಮತ್ತೊಂದನ್ನೂ.

“ಇದು ಔಷಧಿಯಲ್ಲ. ಅಕ್ಕಿಹಿಟ್ಟು.”

ನೀಲಾಳಿಗೆ ಮೊದಲು ಅರ್ಥವೇ ಆಗಲಿಲ್ಲ. ಪುಡಿಯನ್ನು ನೋಡಿದಳು, ಆಮೇಲೆ ಗೋಡೆಗೆ ಒರಗಿ ನಿಂತಿದ್ದ ಅತ್ತೆಯನ್ನು ನೋಡಿದಳು. ಮಂಗಲಾ ಕುಸಿದು ನೆಲದ ಮೇಲೆ ಕೂತಳು.

“ನಾನೇ ಗೋ... ನಾನೇ ತುಂಬಿದ್ದು. ಬೋಟಿಗೆ ಕೇಳಿದ ಮೇಲೆ ಕೂಸಿಗೂ ಒಂದು ಮಾತು ಕೇಳಿದೆ. ಈ ಗುಳಿಗೆ ಎಲ್ಲ ಬಿಡಿಸಲಾ ತಾಯಿ, ಅಂತ. ಬಲಕ್ಕೆ ಕೊಟ್ಟಳು! ಗುನಗ ಸಹ ನೋಡಿದ. ನಿನಗೆ ಹೇಳಿದ್ರೆ ನೀ ಬಿಡ್ತಿದ್ಯಾ? ಎಲ್ಲ ಹಿತ್ತಿಲಲ್ಲಿ ಚೆಲ್ಲಿ ಹಿಟ್ಟು ತುಂಬಿಟ್ಟೆ... ಎರಡು ದಿನ ಕೂಸು ನಗಲಿಲ್ವಾ? ಹೇಳು, ನಗಲಿಲ್ವಾ? ದೇವಿ ಖರೇ ಹೇಳಿದಳು ಅಂತಲೇ ನಾ...”

“ಕೊಂದ್ರಿ!” ನೀಲಾ ಚೀರಿದಳು. “ನನ್ನ ಕೂಸನ್ನ ಕೊಂದ್ರಿ! ನನ್ನ ಕೈಯಿಂದಲೇ ಹಿಟ್ಟು ತಿನ್ನಿಸಿದ್ರಿ! ಏಳು ವರ್ಷ ನನ್ನ ಬೈದ್ರಿ, ಸಾಕಾಗಲಿಲ್ವಾ ನಿಮಗೆ? ಅಯ್ಯೋ... ಸಾಕಾಗಲಿಲ್ವಾ?”

ಡಾಕ್ಟರಮ್ಮ ಅವಳ ಭುಜ ಹಿಡಿದು ಬೆಂಚಿನ ಮೇಲೆ ಕೂರಿಸಿದರು. “ಕೂಗಬೇಡ. ಯಾವ ಯಾವ ಮಾತ್ರೆ ಕೊಡ್ತಿದ್ದೆ, ಎಲ್ಲ ತೋರಿಸು. ಒಂದನ್ನೂ ಮುಚ್ಚಿಡಬೇಡ,” ಎಂದರು. ನೀಲಾ ಚೀಲವನ್ನು ಮೇಜಿನ ಮೇಲೆ ಸುರಿದಳು. ಕಾರವಾರದ್ದು, ಅಂಕೋಲೆಯದು, ಗೋವಾದ್ದು, ಮಗು ಹುಟ್ಟಿದ ಮೇಲೆ ಮೊದಲ ಸಲ ಎಲ್ಲ ಒಂದೇ ಮೇಜಿನ ಮೇಲೆ ಬಿದ್ದವು. ಡಾಕ್ಟರಮ್ಮ ಒಂದೊಂದನ್ನೇ ತಿರುವಿ ಓದಿದರು. ಬಿಳಿ ಮಾತ್ರೆಯ ಪಟ್ಟಿ, ಗುಲಾಬಿ ಮಾತ್ರೆಯ ಪಟ್ಟಿ ಎರಡನ್ನೂ ಬದಿಗೆ ಎಳೆದುಕೊಂಡರು.

“ಇವೆರಡೂ ಒಂದೇ ಔಷಧಿ. ಕಂಪನಿ ಬೇರೆ, ಹೆಸರು ಬೇರೆ, ಬಣ್ಣ ಬೇರೆ. ಒಳಗಿರೋದು ಒಂದೇ. ಎರಡು ಪಟ್ಟು ಹೋಗ್ತಿತ್ತು ಮಗುವಿಗೆ. ಈ ಗುಲಾಬಿಯದನ್ನ ಪುಡಿ ಬೇರೆ ಮಾಡ್ತಿದ್ದೆಯಾ? ಇದು ಹೊಟ್ಟೆಯಲ್ಲಿ ನಿಧಾನಕ್ಕೆ ಕರಗಬೇಕಾದ್ದು, ಪುಡಿ ಮಾಡಿದರೆ ಎಲ್ಲ ಒಮ್ಮೆಲೇ ಮೈಗೆ ಹತ್ತುತ್ತೆ. ಅದರ ಮೇಲೆ ಸೆಟೆತದ್ದು, ನಿದ್ದೆಯದು. ಮಗು ಎಚ್ಚರ ಇರ್ತಿತ್ತಾ?”

“ಇಲ್ಲ ಅಮ್ಮಾ. ಮಂಪರು. ಮೊದಲು ನಗ್ತಿತ್ತು, ನನ್ನ ಕರೀತಿತ್ತು.”

“ಯಾವಾಗ ನಿಂತಿತು?”

“ಅದು... ಗೋವಾಕ್ಕೆ ಹೋಗಿ ಬಂದ ಮೇಲೆ...” ನೀಲಾಳ ಮಾತು ಅರ್ಧಕ್ಕೇ ನಿಂತಿತು. ಎರಡು ವರ್ಷ! ಎರಡು ವರ್ಷ ಮಗಳ ನಗುವನ್ನು ಕಿತ್ತುಕೊಂಡದ್ದು ಕಾಯಿಲೆಯಲ್ಲ. ಪ್ರತಿ ಸೋಮವಾರ ಅಡಿಗೆಮನೆಯ ನೆಲದ ಮೇಲೆ ಕೂತು ಅದನ್ನು ಕುಟ್ಟಿ ಪುಡಿ ಮಾಡಿದವಳು ತಾನು... ತಾನೇ!

“ಹಾಗಾದ್ರೆ ಬಿಡಿಸಿದ್ದು ತಪ್ಪಲ್ವಾ ಅಮ್ಮಾ?” ನೆಲದಿಂದ ಮಂಗಲಾ ಆಸೆಯಿಂದ ಕೇಳಿದಳು.

“ಅರ್ಧಕ್ಕರ್ಧ ಬಿಡಿಸಬೇಕಾದ್ದು ಹೌದು. ಆದರೆ ಒಂದೊಂದಾಗಿ, ಸ್ವಲ್ಪ ಸ್ವಲ್ಪ ಇಳಿಸುತ್ತ, ತಿಂಗಳುಗಟ್ಟಲೆ ಹಿಡಿಯುವ ಕೆಲಸ ಅದು. ಫಿಟ್ಸಿನ ಔಷಧಿಯನ್ನ ಒಮ್ಮೆಲೇ ನಿಲ್ಲಿಸಿದರೆ ಹೀಗೇ ಆಗೋದು, ಅಜ್ಜಿ.”

ಮಂಗಲಾ ಸೆರಗನ್ನು ಬಾಯಿಗೆ ತುರುಕಿಕೊಂಡಳು. ದೇವಿಯನ್ನು ಅವಳು ಬೇಕೋ ಬೇಡವೋ ಎಂದಷ್ಟೇ ಕೇಳಿದ್ದಳು. ಯಾವುದು ಬೇಕು, ಯಾವುದು ಬೇಡ, ಎಷ್ಟು ನಿಧಾನಕ್ಕೆ ಎಂದು ಕೇಳಬೇಕೆಂದು ಅವಳಿಗೆ ಹೇಗೆ ಗೊತ್ತಿರಬೇಕು? ಕೇಳಿದ್ದರೂ ಒಂದು ಹೂವಿನ ಎಸಳು ಅಷ್ಟನ್ನೆಲ್ಲ ಹೇಳುವುದೆಲ್ಲಿ? ನೀಲಾ ಅತ್ತೆಯ ಕಡೆ ನೋಡಲಿಲ್ಲ. ಮೂರು ಡಾಕ್ಟರ ಎದುರು ನಿಂತೂ ಒಂದು ಮಾತು ಕೇಳದೆ ಬಂದವಳು ತಾನು. ಹಳೆಯದನ್ನು ಕೊಡಲೋ ಬಿಡಲೋ ಎಂದು ಒಮ್ಮೆ... ಒಮ್ಮೆಯಾದರೂ ಕೇಳಿದ್ದರೆ!

ವಿನುತಾ ಸಾಯಲಿಲ್ಲ. ಬಹಳ ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಳು, ಮೂಗಿನಲ್ಲಿ ನಳಿಗೆ ಹಾಕಿಸಿಕೊಂಡು. ಗಂಜಿಯಿರಲಿ ನೀರಿರಲಿ, ಇನ್ನು ಅದರಲ್ಲೇ ಹೋಗಬೇಕು. ಡಾಕ್ಟರಮ್ಮ ಒಂದೊಂದೇ ಔಷಧ ಇಳಿಸಿ ತೆಗೆದರು. ಕಡೆಗೆ ಉಳಿದದ್ದು ಫಿಟ್ಸಿನದು ಮತ್ತು ಕಾಲಿನದು. ಈಗ ಮಗುವಿಗೆ ಮಂಪರಿಲ್ಲ. ಕಣ್ಣು ದಿನವಿಡೀ ತೆರೆದೇ ಇರುತ್ತವೆ. ಆದರೆ ಅವು ಯಾರನ್ನೂ ನೋಡುವುದಿಲ್ಲ. ಆ ಬೆಳಗಿನ ಉದ್ದ ಫಿಟ್ಸು ತಲೆಯೊಳಗೆ ಏನನ್ನು ಸುಟ್ಟಿತೋ, ಅದು ಮತ್ತೆ ಬರುವುದು ಕಷ್ಟ ಎಂದು ಡಾಕ್ಟರಮ್ಮ ಮುಚ್ಚುಮರೆಯಿಲ್ಲದೆ ಹೇಳಿದ್ದರು.

ಸಮುದ್ರದಿಂದ ಬಂದ ದತ್ತಾನಿಗೆ ಸುದ್ದಿ ತಿಳಿದದ್ದು ಬೋಟು ನಿಲ್ಲುವ ದಕ್ಕೆಯಲ್ಲೇ. ಮಗು ಆಸ್ಪತ್ರೆಯಲ್ಲಿದ್ದಷ್ಟು ದಿನ ಅಂವ ತಾಯಿಯ ಜೊತೆ ಮಾತಾಡಲಿಲ್ಲ. ಮಗುವನ್ನು ಮನೆಗೆ ತಂದ ದಿನವೇ ತಾಯಿಯ ಬಟ್ಟೆಯ ಗಂಟು ಕಟ್ಟಿ ಜಗಲಿಯಲ್ಲಿ ಇಟ್ಟ.

“ಆಯಿ, ನಡಿ. ಕೇರಿಯ ಅಂಗಡಿಯವನ ಗಾಡಿ ಬರ್ತದೆ, ಮಾಜಾಳಿಯ ಅಕ್ಕನ ಮನೆಗೆ ಬಿಟ್ಟು ಬರ್ತೆ. ನಿನ್ನ ಮುಖ ನೋಡ್ತಾ ನನಗೆ ಈ ಮನೆಯಲ್ಲಿ ಅನ್ನ ಇಳಿಯುದಿಲ್ಲ.”

ಮಂಗಲಾ ಎದ್ದು ನಿಂತು ಗಂಟು ಎತ್ತಿಕೊಂಡಳು. ಒಳಗಿನಿಂದ ನೀಲಾ ಬಂದಳು. ಅತ್ತೆಯ ಕೈಯಿಂದ ಗಂಟು ಕಿತ್ತು ಒಳಗೆ ಎಸೆದಳು.

“ಅವರು ಎಲ್ಲೂ ಹೋಗುದು ಬೇಡ.”

“ನಿನಗೆ ಹುಚ್ಚೇನೆ? ಇಷ್ಟಾದ ಮೇಲೂ...”

“ನೀವು ಆ ಎರಡು ದಿನ ಇರ್ಲಿಲ್ಲ,” ಎಂದಳು ನೀಲಾ. ಅವಳ ಕಣ್ಣಲ್ಲಿ ನೀರಿರಲಿಲ್ಲ. “ವಿನು ನಕ್ಕದ್ದು ನೀವು ನೋಡ್ಲಿಲ್ಲ. ನೋಡಿದ್ದು ನಾನು, ಅವರು. ಅವರೂ ಹೋದ್ರೆ ಅದು ಖರೇ ನಕ್ಕಿತ್ತು ಅಂತ ನಂಗೆ ಹೇಳುಕೆ ಈ ಭೂಮಿ ಮೇಲೆ ಯಾರಿದ್ದಾರೆ?”

ದತ್ತಾ ಅಂಗಳಕ್ಕಿಳಿದ. ಬಂದ ಗಾಡಿಯನ್ನು ಕೈ ಮಾಡಿ ವಾಪಸು ಕಳಿಸಿದ.

ಮಂಗಲಾ ಉಳಿದಳು. ಅವಳ ಬೈಗುಳ ನಿಂತುಹೋಯಿತು. ಮುಂದಿನ ವರ್ಷ ಬೋಟಿಗೆ ಪ್ರಸಾದ ಕೇಳಲು ಅವಳು ಹೋಗಲಿಲ್ಲ, ಮಾದೇವಿ ಹೋಗಿ ಕೇಳಿ ಬಂದಳು. ಸೊಸೆ ಅವಳನ್ನು ಕ್ಷಮಿಸಿದಳು ಎಂದು ಕೇರಿಯವರು ಕೊಂಡಾಡಿದರು. ಕ್ಷಮೆಯಂತೆ! ಅದೇನು ಎಂದು ಆ ಮನೆಯ ಗೋಡೆಗಳಿಗೆ ಗೊತ್ತು. ಸೋಮವಾರ ಬಂದರೆ ನೀಲಾ ಕುಟ್ಟಾಣಿ ಹಿಡಿದು ಕೂರುತ್ತಾಳೆ. ಈಗ ಬಿಳಿ ಮಾತ್ರೆಯನ್ನು ಬೇರೆ ಕುಟ್ಟುತ್ತಾಳೆ, ಇನ್ನೊಂದನ್ನು ಬೇರೆ, ಅದೂ ಡಾಕ್ಟರಮ್ಮನನ್ನು ಕೇಳಿಕೊಂಡ ಮೇಲೆ. ಎದುರಿಗೆ ಅತ್ತೆಯನ್ನು ಕೂರಿಸಿಕೊಳ್ಳುತ್ತಾಳೆ. ಚಾಪೆಯ ಮೇಲೆ ವಿನುತಾ ಮನೆಯ ಮಾಡು ನೋಡುತ್ತ ಮಲಗಿರುತ್ತಾಳೆ. ಅಂಗಳದಲ್ಲಿ ಕಾಗೆ ಇಳಿದರೆ ಇಬ್ಬರ ಕಣ್ಣೂ ಒಮ್ಮೆಲೇ ಚಾಪೆಯ ಕಡೆ ಹೋಗುತ್ತವೆ. ಅಲ್ಲಿ ಏನೂ ಆಗುವುದಿಲ್ಲ.

“ಹೇಳಿ ಅತ್ತೆ,” ಎನ್ನುತ್ತಾಳೆ ನೀಲಾ. “ಅವತ್ತು ನಾ ಪೇಟೆಯಿಂದ ಬರುಕಿಂತ ಮೊದಲು ಎಷ್ಟು ಹೊತ್ತು ನಕ್ಕಿತ್ತು?”

“ಬಹಳ ಹೊತ್ತು ಗೋ...” ಎನ್ನುತ್ತಾಳೆ ಮುದುಕಿ. “ಕಾಗೆ ಬಂತು. ಮೀನು ಕಚ್ಚಿತು. ಕೂಸು ಕೈ ಬಡೀತು... ಸಾಕು ಗೋ ನೀಲಾ, ಬೇಡ, ನನ್ನಿಂದ ಆಗುದಿಲ್ಲ...”

“ಆಮೇಲೆ?” ನೀಲಾ ಕುಟ್ಟುವುದನ್ನು ನಿಲ್ಲಿಸುವುದಿಲ್ಲ. “ಬಿಟ್ಟು ಬಿಟ್ಟು ಹೇಳಬೇಡಿ. ಮೊದಲಿಂದ ಹೇಳಿ.”